ಹಳೇ ಗಾಜು ಆನ್‌ಲೈನ್ ಹರಾಜಿಗೆ: ಫೋಟೋ ಹೊಡೆಯೋಕಿಂತ ಮೊದಲು ಬೆರಳಾಡಿಸಿ ನೋಡ್ರಿ

ಅಟ್ಟದ ಮ್ಯಾಲಿಂದ ಒಂದು ಕಂದೀಲು, ನಾಲ್ಕು ಬಣ್ಣದ ಲೋಟ, ಒಂದು ಗೋಲಿ ಸೋಡಾ ಬಾಟ್ಲಿ ಇಳಿಸಿದ ಕೂಡ್ಲೇ ನಮ್ಮ ಕಡೆ ಮಂದಿ ಮಾಡೋದು ಒಂದೇ ಕೆಲಸ. ಟ್ಯೂಬ್‌ಲೈಟ್ ಕೆಳಗ ಇಟ್ಟು ಫೋನಿಂದ ಒಂದು ಫೋಟೋ, ಅದರ ಕೆಳಗ 'ಅಪರೂಪದ ಬೆಲ್ಜಿಯಂ ಗಾಜು, 150 ವರ್ಷ ಹಳೇದು' ಅಂತ ಒಂದು ಸಾಲು, ಬೆಲೆ ಐವತ್ತು ಸಾವಿರ. ಯಾರೂ ಬಿಡ್ ಹಾಕಂಗಿಲ್ಲ. ಹಾಕಿದ್ರೂ ಸಾಮಾನು ಮುಟ್ಟಿದ ಮ್ಯಾಲೆ 'ಬಾಯಿ ಹತ್ರ ಚಕ್ಕೆ ಹೋಗೈತಿ, ಫೋಟೋದಾಗ ತೋರಿಸಿಲ್ಲ' ಅಂತ ವಾಪಸ್ ಬರತೈತಿ, ಹೋಗಿಬರೋ ಖರ್ಚು ಮಾರಿದವರ ಮ್ಯಾಲೇ ಬೀಳತೈತಿ. ಬಳ್ಳಾರಿ, ಗಂಗಾವತಿ, ಸಿಂಧನೂರು, ರಾಯಚೂರು ಎಲ್ಲಾ ಕಡೆ ಇದನ್ನೇ ನೋಡಾಕತ್ತೀನಿ, ಅದಕ್ಕ ಇದನ್ನ ಬರಿಯಾಕ ಕುಂತಿದ್ದು.

ನಮ್ಮ ಮನಿಗಳಾಗ ಒಳ್ಳೇ ಗಾಜು ಇಲ್ಲ ಅಂತ ಅಲ್ಲ. ಬಳ್ಳಾರಿ 1953ರ ತನಕ ಮದ್ರಾಸಿನ ಕೂಡ ಇತ್ತು, ಕಂಟೋನ್ಮೆಂಟ್ ಊರು ಬ್ಯಾರೆ. ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಕೈಯಾಗ ಇದ್ವು. ಮುಂಬೈ ಕಡಿಂದ ಬಂದ ರೈಲು ಹಳಿ ಮದ್ರಾಸ್ ಕಡಿಂದ ಬಂದ ಹಳಿಗೆ 1871ರಾಗ ಕೂಡಿದ್ದೇ ರಾಯಚೂರಿನಾಗ. ಹಂಗಾಗಿ ಒಂದೇ ಅಟ್ಟದಾಗ ಮದ್ರಾಸ್ ಅಂತ ಉಬ್ಬು ಅಕ್ಷರ ಇರೋ ಬಾಟ್ಲಿ, ಕರಾಡ ಹತ್ರದ ಓಗಲೆವಾಡಿ ಫ್ಯಾಕ್ಟರಿಯ ಪ್ರಭಾಕರ್ ಕಂದೀಲು, ಫಿರೋಜಾಬಾದಿನ ಹೂದಾನಿ ಮೂರೂ ಸಿಗಬಹುದು. ಇವಕ್ಕೆಲ್ಲ ಕೊಳ್ಳೋರು ಅದಾರ. ಬೆಲ್ಜಿಯಂ ಅನ್ನೋ ಹೆಸರು ಹಚ್ಚಿದ್ರೇನೇ ಬೆಲೆ ಬರತೈತಿ ಅನ್ನೋ ನಂಬಿಕಿ ಬಿಟ್ಟುಬಿಡ್ರಿ.

ತೊಳೆಯೋದು

ಪ್ಲಾಸ್ಟಿಕ್ ಬುಟ್ಟಿ ತಳಕ್ಕ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಎರಡು ಹನಿ ಶಾಂಪೂ, ಮೆತ್ತನ್ನ ಬಟ್ಟೆ. ಇಷ್ಟೇ ಸಾಕು. ಪಾತ್ರೆ ತಿಕ್ಕೋ ಪೌಡರ್, ಸ್ಟೀಲ್ ನಾರು ಹತ್ರ ತರಬ್ಯಾಡ್ರಿ, ಬಂಗಾರದ ಗೆರೆ ಇರೋ ಲೋಟ ಒಂದು ತಿಕ್ಕಿಗೆ ಬೋಳಾಗತೈತಿ. ನಮ್ಮ ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿದ್ರ ಬಾತ್‌ರೂಮ್ ತೊಳೆಯೋ ಆ್ಯಸಿಡ್ ಹಾಕತಾರ, ಅದಂತೂ ಬ್ಯಾಡೇ ಬ್ಯಾಡ, ವಿನಿಗರ್ ನೀರಾಗ ಕಲಸಿ ಸ್ವಲ್ಪ ಹೊತ್ತು ನೆನಿ ಹಾಕಿದ್ರ ಉಪ್ಪು ಬಿಡತೈತಿ. ವಿನಿಗರ್‌ಗೂ ಬಿಡದ ಮಂಜು ಮಂಜು ಬಿಳುಪು ಉಳೀತು ಅಂದ್ರ ಅದು ಕೊಳಿ ಅಲ್ಲ, ವರ್ಷಗಟ್ಟಲೆ ತೇವದಾಗ ಇದ್ದು ಗಾಜಿನೊಳಗಿನ ಕ್ಷಾರ ಹೊರಗ ಬಂದು ಮೈನೇ ಕೆಟ್ಟಿರೋದು, ಎಷ್ಟು ತೊಳೆದ್ರೂ ಹೋಗಂಗಿಲ್ಲ, ಅದನ್ನ ಹಂಗೇ ಬರಿದು ಮಾರಬೇಕು. ಕೆಲವರು ಅದಕ್ಕ ಒಳಗ ಎಣ್ಣಿ ಸವರಿ ಫೋಟೋ ಹೊಡೀತಾರ, ಎಣ್ಣಿ ಇದ್ದಷ್ಟು ದಿನ ಮಂಜು ಕಾಣಂಗಿಲ್ಲ. ಕೊಳ್ಳೋರು ಇದನ್ನ ನೆನಪಿಟ್ಟುಕೊಂಡು 'ಒಳಗ ಒಣಗಿಸಿ ಫೋಟೋ ಕಳಿಸ್ರಿ' ಅಂತ ಕೇಳ್ರಿ.

ನೋಡೋದು: ಇಲ್ಲಿ ಅವಸರ ಮಾಡಿದ್ರ ಎಲ್ಲಾ ಹೋತು

ಮುಂಜಾನಿ ಬೆಳಕಿನಾಗ ಕಿಟಕಿ ಹತ್ರ ಕುಂದರ್ರಿ. ಕೆಳಗ ದಪ್ಪ ಕಂಬಳಿ ಇರಲಿ. ಮೊದಲು ಕಣ್ಣು ಮುಚ್ಚಿ ಬಾಯಿ ಅಂಚಿನ ಮ್ಯಾಲ ಉಗುರು ಆಡಿಸ್ರಿ, ಪೂರ್ತಿ ಸುತ್ತು. ಕಣ್ಣಿಗೆ ಬೀಳದ ಸಣ್ಣ ಚಕ್ಕೆ ಉಗುರಿಗೆ ಸಿಗತೈತಿ. ಆಮೇಲೆ ತಳ, ಆಮೇಲೆ ಹಿಡಿಕಿ ಕೂಡಿರೋ ಜಾಗ. ಅಂಚು ಒಂದು ಕಡೆ ದುಂಡಗ, ಇನ್ನೊಂದು ಕಡೆ ಚಪ್ಪಟಿ ಅನಿಸಿದ್ರ ಯಾರೋ ಚಕ್ಕೆ ಮುಚ್ಚಾಕ ಉಜ್ಜಿಸ್ಯಾರ. ಜೋಡಿ ಲೋಟ ಇದ್ರ ಪಕ್ಕಪಕ್ಕ ಇಟ್ಟು ಎತ್ತರ ಅಳೀರಿ, ಒಂದು ಎರಡು ಮಿಲಿಮೀಟರ್ ಗಿಡ್ಡ ಇದ್ರ ಉಜ್ಜಿದ ಅನುಮಾನ ಗಟ್ಟಿ ಆಗತೈತಿ. ಕೈಯಿಂದ ಮಾಡಿದ ಗಾಜಿನಾಗ ಎತ್ತರ ತಾನಾಗೇ ಸ್ವಲ್ಪ ಹೆಚ್ಚುಕಮ್ಮಿ ಇರತೈತಿ, ಅದಕ್ಕ ಎತ್ತರ ಒಂದರ ಮ್ಯಾಲೇ ತೀರ್ಮಾನ ಬ್ಯಾಡ, ಅಂಚಿನ ಹೊಳಪೂ ನೋಡ್ರಿ, ಉಜ್ಜಿದ ಜಾಗದಾಗ ಬೆಂಕಿಯಾಗ ಬೆಂದ ಆ ನುಣುಪು ಇರಂಗಿಲ್ಲ.

ಆಮೇಲೆ ಬೆರಳಿಂದ ಮೆಲ್ಲಗ ಚಿಟಿಕಿ. ಸೀಳು ಇದ್ರ ಧ್ವನಿ ಸತ್ತಂಗ ಕೇಳತೈತಿ. ದಪ್ಪ ಬಾಟ್ಲಿ ಮತ್ತ ಒತ್ತಿ ಮಾಡಿದ ಗಾಜು ಸರಿಯಿದ್ರೂ ಧ್ವನಿ ಕೊಡಂಗಿಲ್ಲ, ಅದಕ್ಕ ಟಾರ್ಚ್ ತಗೊಂಡು ಒಳಗಿಂದ ಬೆಳಕು ಬಿಟ್ಟು ಮೆಲ್ಲಗ ತಿರುವ್ರಿ. ಸೀಳು ಬೆಳಕಿಗೆ ಬೆಳ್ಳಿ ಗೆರೆ ಆಗಿ ಮಿಂಚತೈತಿ, ಗುಳ್ಳೆ ಮಿಂಚಂಗಿಲ್ಲ. ಗುಳ್ಳೆ ಇದ್ದ ಮಾತ್ರಕ್ಕ ಹಳೇದು ಅಂತ ಬರಿಯೋರೂ ಅದಾರ, ಅದು ತಪ್ಪು, ಇವತ್ತು ಊದಿದ ಗಾಜಿನಾಗೂ ಗುಳ್ಳೆ ಇರತಾವ.

ಇನ್ನ ವಯಸ್ಸು. ಬಾಟ್ಲಿ ಆದ್ರ ಪಕ್ಕದಾಗಿನ ಅಚ್ಚಿನ ಗೆರೆ ಎಲ್ಲಿ ತನಕ ಹೋಗೈತಿ ನೋಡ್ರಿ. ಬಾಯಿ ತುದಿ ದಾಟಿ ಹೋಗಿದ್ರ ಪೂರ್ತಿ ಮಷಿನ್ ಮಾಲು. ಅಂಥ ಮಷಿನ್ ಅಮೆರಿಕದಾಗ ಮೈಕೆಲ್ ಓವೆನ್ಸ್ ತಂದಿದ್ದೇ 1903ರ ಸುಮಾರಿಗೆ, ಹಂಗಾಗಿ ಅದರ ಮ್ಯಾಲ '1850ರ ಬಾಟ್ಲಿ' ಅಂತ ಬರಿಯೋದು ಸುಳ್ಳು. ಗೆರೆ ಕತ್ತಿನಾಗೇ ನಿಂತಿದ್ರ ಬಾಯಿ ಕೈಯಿಂದ ಮಾಡಿದ್ದು. ಅಷ್ಟಕ್ಕೇ ನೂರು ವರ್ಷ ಆಗಂಗಿಲ್ಲ, ನಮ್ಮ ದೇಶದ ಫ್ಯಾಕ್ಟರಿಗಳಾಗ ಕೈಕೆಲಸ ಬಾಳ ದಿನ ನಡೀತು. ಗೋಲಿ ಸೋಡಾ ಬಾಟ್ಲಿನೂ ಅಷ್ಟೇ. ಅದರ ನಕ್ಷೆ ಇಂಗ್ಲೆಂಡಿನ ಹೈರಮ್ ಕಾಡ್ ಅವರದು, 1870ರ ದಶಕದ್ದು, ಆದ್ರ ಬಾಟ್ಲಿ ಇತ್ತೀಚಿನ ತನಕ ನಮ್ಮಲ್ಲೇ ತಯಾರಾಗ್ಯಾವ. ಮೈಮ್ಯಾಲ ಸಾಸ್ನಿ ಅಂತ ಉಬ್ಬು ಅಕ್ಷರ ಇದ್ರ ಅದು ಉತ್ತರ ಪ್ರದೇಶದ್ದು, ಬ್ರಿಟಿಷರದ್ದಲ್ಲ. ಹಳೇ ಸೋಡಾ ಫ್ಯಾಕ್ಟರಿ ಹೆಸರು, ಊರಿನ ಹೆಸರು ಉಬ್ಬಿ ಬಂದಿದ್ರ ಅದಕ್ಕ ಬೆಲೆ ಹೆಚ್ಚು, ಆ ಅಕ್ಷರದ ಫೋಟೋ ಬೆಳಕು ಅಡ್ಡ ಬಿಟ್ಟು ಹತ್ರದಿಂದ ಹೊಡೀರಿ.

ತಳದಾಗ ಇಂಗ್ಲಿಷಿನಾಗ ಜೈನ್ ಅಂತ ಅಕ್ಷರ ಇರೋ, ಮ್ಯಾಲ ಕಾಮನಬಿಲ್ಲಿನ ಬಣ್ಣ ಹೊಳಿಯೋ ಲೋಟ, ಮೀನಿನ ಆಕಾರದ ಹೂದಾನಿ ಸಿಕ್ರ ಗುಜರಿಗೆ ಹಾಕಬ್ಯಾಡ್ರಿ. ಅದು ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್‌ದು, ಕಾರ್ನಿವಲ್ ಗ್ಲಾಸ್ ಅಂತಾರ, ಅಮೆರಿಕ, ಆಸ್ಟ್ರೇಲಿಯಾದಾಗ ಇದನ್ನೇ ಹುಡುಕಿ ಕೂಡಿಸೋರು ಅದಾರ. ಬಿಸಿ ಗಾಜಿನ ಮ್ಯಾಲ ಲೋಹದ ಉಪ್ಪು ಸಿಂಪಡಿಸಿ ಆ ಬಣ್ಣ ತರತಾರ, ಬಣ್ಣ ಸವೆದಿದ್ರ ಬೆಲೆ ಬಿದ್ದು ಹೋಗತೈತಿ.

ಹಳದಿ ಹಸಿರು ಗಾಜು ಇದ್ರ ಯುವಿ ಟಾರ್ಚ್ ಹಾಕಿ ನೋಡ್ರಿ, ನೋಟು ಪರೀಕ್ಷೆ ಮಾಡೋ ಅಗ್ಗದ ಟಾರ್ಚ್ ಸಾಕು. ಕಣ್ಣು ಕುಕ್ಕೋ ಹಸಿರು ಬಂದ್ರ ಯುರೇನಿಯಂ ಗಾಜು, 1830ರ ದಶಕದಿಂದ ಬೊಹೆಮಿಯಾದಾಗ ಮಾಡಾಕತ್ತಿದ್ರು. ಮಂಕು ಹಸಿರು ಮ್ಯಾಂಗನೀಸಿಂದನೂ ಬರತೈತಿ, ಅದನ್ನ ಯುರೇನಿಯಂ ಅಂತ ಮಾರಬಾರದು. ಶೋಕೇಸಿನಾಗ ಇಟ್ರ ಇದರಿಂದ ತೊಂದರಿ ಇಲ್ಲ, ಆದ್ರ ಹುಳಿ ಪಾನಕ ಹಾಕಿ ಕುಡಿಯೋದು, ಅಂಚು ಉಜ್ಜಿಸೋದು ಮಾಡಬ್ಯಾಡ್ರಿ.

ಬೆಲ್ಜಿಯಂ ಅಂತ ಬರಿಬೇಕಂದ್ರ ಆಧಾರ ಬೇಕು. 1826ರಾಗ ಶುರುವಾದ ವಾಲ್ ಸೇಂಟ್ ಲ್ಯಾಂಬರ್ಟ್‌ನಂಥ ಕಂಪನಿ ಹೆಸರು ತಳದಾಗ ಇರಬೇಕು, ಇಲ್ಲಾ ಹಳೇ ಬಿಲ್ಲು ಇರಬೇಕು. ಮನ್ಯಾಗ ಅಜ್ಜಾರು ಹೇಳತಿದ್ರು ಅನ್ನೋದನ್ನ 'ಮನೆತನದವರ ಮಾತು' ಅಂತಲೇ ಬರೀರಿ, ಯಾರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ.

ಹಿಂಗ ನೋಡಿದ್ದೆಲ್ಲ ಒಂದು ಹಾಳಿ ಮ್ಯಾಲ ಬರಕೊಂಡು ಆಮೇಲೆ ಫೋಟೋ. ಫ್ಲ್ಯಾಶ್ ಬ್ಯಾಡ. ಹಿಂದ ಕಪ್ಪು ಬಟ್ಟೆ ಒಂದು ಸಲ, ಬಿಳಿ ಹಾಳಿ ಒಂದು ಸಲ. ತಳ, ಬಾಯಿ, ಗುರುತು, ಪ್ರತಿಯೊಂದು ಚಕ್ಕೆ ಪಕ್ಕ ಬೆರಳಿಟ್ಟು ಒಂದೊಂದು ಫೋಟೋ, ಪಕ್ಕದಾಗ ಸ್ಕೇಲ್. ತೂಕ ಗ್ರಾಂನಾಗ ಬರೀರಿ. ಕೊರತಿ ಮೊದಲೇ ತೋರಿಸಿದ್ರ ಬೆಲೆ ಸ್ವಲ್ಪ ಇಳೀಬಹುದು, ಸಾಮಾನು ಮಾತ್ರ ವಾಪಸ್ ಬರಂಗಿಲ್ಲ.

ಕಾನೂನು

1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾ ಕುಸುರಿ ವಸ್ತು ಪುರಾವಸ್ತು ಲೆಕ್ಕಕ್ಕ ಬರತೈತಿ. ಅದನ್ನ ಖಾಸಗಿಯವರು ಹೊರದೇಶಕ್ಕ ಕಳಿಸಂಗಿಲ್ಲ, ಕಳಿಸಿದ್ರ ಆರು ತಿಂಗಳಿಂದ ಮೂರು ವರ್ಷ ಜೈಲು. ಅದರ ವ್ಯಾಪಾರ ನಡಸಾಕೂ ಲೈಸೆನ್ಸ್ ಬೇಕು. ಹಂಗಾಗಿ ಆಸೆಗೆ '150 ವರ್ಷ ಹಳೇದು' ಅಂತ ಬರಿಯೋರು ತಮ್ಮ ಕೈಯಾರೆ ತಮ್ಮ ಮ್ಯಾಲೇ ಸಾಕ್ಷಿ ಬರಕೊಂಡಂಗ. ವಯಸ್ಸಿನ ಅನುಮಾನ ಇರೋ ಸಾಮಾನನ್ನ ಹೊರಗ ಕಳಿಸಬೇಕಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ 'ಇದು ಪುರಾವಸ್ತು ಅಲ್ಲ' ಅನ್ನೋ ಸರ್ಟಿಫಿಕೇಟ್ ತಗೋರಿ. ಹೊರದೇಶದ ವ್ಯಾಪಾರಕ್ಕ ಐಇಸಿ, ಅಂದ್ರ ಆಮದು-ರಫ್ತು ಮಾಡೋರಿಗೆ ಸರ್ಕಾರ ಕೊಡೋ ನಂಬರೂ ಬೇಕು, ಆನ್‌ಲೈನಿನಾಗೇ ಸಿಗತೈತಿ.

ಎಲ್ಲಿ ಮಾರೋದು, ಎಷ್ಟಕ್ಕ

ಆನ್‌ಲೈನ್ ಹರಾಜಿನ ತಾಣ ಈಬೇ ಇಂಡಿಯಾ 2018ರ ಆಗಸ್ಟಿನಾಗ ಮುಚ್ಚಿತು, ಈಗ ಇಲ್ಲಿಯವರು ಹೊರದೇಶದ ಈಬೇಯಾಗ ಮಾರಬೇಕು. ದೇಶದೊಳಗ ಸ್ಯಾಫ್ರನ್‌ಆರ್ಟ್, ಆಸ್ತಾಗುರು ಥರದ ಹರಾಜು ಮನೆಗಳು ಅದಾವ, ಅವು ದೊಡ್ಡ ಮಾಲಿಗೆ, ಕೊಂಡವರು ಬಿದ್ದ ಬೆಲೆ ಮ್ಯಾಲ ಕಮಿಷನ್, ಜಿಎಸ್‌ಟಿ ಕೊಡಬೇಕು. ಬೆಲೆ ಹುಡುಕೋವಾಗ ಮಂದಿ ಕೇಳಿರೋ ಬೆಲೆ ನೋಡಬ್ಯಾಡ್ರಿ, ಮಾರಾಟ ಆದದ್ದನ್ನ ಮಾತ್ರ ತೋರಿಸೋ ಆಯ್ಕೆ ಒತ್ತಿ ಅದನ್ನ ನೋಡ್ರಿ. ಐವತ್ತು ಸಾವಿರ ಕೇಳಿದ ಲೋಟ ಎರಡು ಸಾವಿರಕ್ಕ ಹೋಗಿರೋದು ಅಲ್ಲೇ ಕಾಣತೈತಿ. ಶುರು ಬೆಲೆ ನಿಮಗ ನಷ್ಟ ಆಗದಷ್ಟು ಇಡ್ರಿ, ಒಂದು ರೂಪಾಯಿಂದ ಶುರು ಮಾಡೋದು ನೂರಾರು ಮಂದಿ ನೋಡೋ ಮಾಲಿಗೆ ಮಾತ್ರ ಸರಿ. ಹೊರದೇಶದ ಹರಾಜು ಮುಗಿಯೋ ಟೈಮು ಅಲ್ಲಿಯ ಭಾನುವಾರ ಸಂಜಿ ಇರಲಿ.

ಕೊಳ್ಳೋರಿಗೆ ಒಂದೇ ಮಾತು. ನಿಮ್ಮ ಕೊನೇ ಬೆಲೆ ಮೊದಲೇ ಬರದಿಟ್ಟು ಒಂದೇ ಸಲ ಹಾಕ್ರಿ. ನೀವು 4000 ಹಾಕಿ ಎದುರಿನವರು 2500ಕ್ಕ ನಿಂತ್ರ ನಿಮಗ ಬೀಳೋದು 2500ಕ್ಕಿಂತ ಒಂದು ಮೆಟ್ಟಿಲು ಮ್ಯಾಲ ಅಷ್ಟೇ, ಸಿಸ್ಟಮ್ಮೇ ನಿಮ್ಮ ಪರವಾಗಿ ಏರಿಸತೈತಿ. ಐವತ್ತು ಐವತ್ತು ರೂಪಾಯಿ ಏರಿಸ್ಕೋತ ಕುಂತ್ರ ಹಠಕ್ಕ ಬಿದ್ದು ಎರಡು ಪಟ್ಟು ಕೊಡತೀರಿ. ನನ್ನ ಪ್ರಕಾರ ಕೊನೇ ಹತ್ತು ಸೆಕೆಂಡಿನಾಗ ಹಾಕೋದೇ ಚಲೋ. ಹೊರಗಿಂದ ತರಿಸಿದ್ರ ಸಾಗಣಿ, ಕಸ್ಟಮ್ಸ್ ಸುಂಕ ಎರಡೂ ಆ 4000ದೊಳಗೇ ಬರಬೇಕು.

ಕಟ್ಟೋದು

ಗಂಗಾವತಿ, ಸಿರುಗುಪ್ಪ ಕಡೆ ಭತ್ತದ ಹೊಟ್ಟಿನಾಗ ಗಾಜು ಹುಗಿದು ಕಳಿಸತಾರ, ಪುಗಸಟ್ಟೆ ಸಿಗತೈತಿ ಅಂತ. ದಾರಿಯಾಗ ಅಲುಗಾಡಿ ಹೊಟ್ಟು ಕೆಳಗ ಕುಂತು ಗಾಜು ಮೂಲಿಗೆ ಬಂದು ಬಡೀತೈತಿ. ಬಳ್ಳಾರಿಯಾಗ ಜೀನ್ಸ್ ಹೊಲಿಯೋ ಕಡೆ ಉಳಿಯೋ ತುಂಡುಬಟ್ಟೆ ಸಿಗತೈತಿ, ಒಣಗಿದ್ದು ತಂದು ಅದನ್ನ ಡಬ್ಬಿ ನಡುವಿನ ಸಂದಿಗೆ ತುರುಕ್ರಿ, ಅದರಂಥದ್ದು ಇನ್ನೊಂದಿಲ್ಲ. ಗಾಜಿಗೆ ನೇರ ತಾಕೋದು ಮಾತ್ರ ಬಿಳಿ ಟಿಶ್ಯೂ ಹಾಳಿ ಇರಲಿ, ಪೇಪರಿನ ಮಸಿ ಬಂಗಾರದ ಗೆರೆಗೆ ಹತ್ತತೈತಿ. ಅದರ ಮ್ಯಾಲ ಬಬಲ್ ಶೀಟ್. ಒಳಗಿನ ಪೊಳ್ಳಿಗೆ ಹಾಳಿ ಮೆತ್ತಗ ತುಂಬ್ರಿ, ಒತ್ತಿ ತುಂಬಿದ್ರ ಅದೇ ಒಡೀತೈತಿ. ಮುಚ್ಚಳ ಬ್ಯಾರೆ ಸುತ್ತಬೇಕು. ಗೋಲಿ ಬಾಟ್ಲಿ ಒಳಗಿನ ಗೋಲಿ ಉರುಳದಂಗ ಬಟ್ಟೆ ಪಟ್ಟಿ ಒಂದನ್ನ ಕಡ್ಡಿಯಿಂದ ಒಳಗ ಸೇರಿಸ್ರಿ.

ಆಮೇಲೆ ಡಬ್ಬಿಯೊಳಗ ಡಬ್ಬಿ, ಎರಡರ ನಡುವೆ ಆರೂ ಕಡೆ ಎರಡು ಇಂಚು ಬಟ್ಟೆ. ಎತ್ತಿ ಅಲುಗಾಡಿಸ್ರಿ, ಸಪ್ಪಳ ಬಂದ್ರ ಬಿಚ್ಚಿ ಮತ್ತ ಕಟ್ರಿ. ಅಗ್ಗದ ಬ್ರೌನ್ ಟೇಪ್ ರಾಯಚೂರಿನ ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟು ಎದ್ದು ನಿಲ್ಲತೈತಿ, ದಪ್ಪ ಟೇಪ್ ತಗೋರಿ. 'ಗಾಜು, ಹುಷಾರು' ಸ್ಟಿಕ್ಕರ್ ಹಚ್ರಿ, ನಂಬಿ ಕುಂದರಬ್ಯಾಡ್ರಿ. ಬಸ್ಸಿನ ಪಾರ್ಸೆಲ್ ಬ್ಯಾಡ, ಚೀಲದ ಕೆಳಗ ಬೀಳತೈತಿ. ಕಟ್ಟೋದು ಶುರುವಿಂದ ಕೊನೀ ತನಕ ಒಂದೇ ವಿಡಿಯೋ ಮಾಡ್ರಿ, ಕೊಂಡವರೂ ಬಿಚ್ಚೋವಾಗ ಹಂಗೇ ಮಾಡ್ರಿ. ಗಾಜು ಒಡೆದ್ರ ಪರಿಹಾರ ಐತೋ ಇಲ್ಲೋ ಅಂತ ಬುಕ್ ಮಾಡೋವಾಗಲೇ ಕೌಂಟರಿನಾಗ ಕೇಳಿ, ರಸೀದಿ ಮ್ಯಾಲ ಓದಿಕೊಂಡು ಬರ್ರಿ.

ದುಡ್ಡು

ಅಕೌಂಟಿಗೆ ಬಂದು ಬಿದ್ದ ಮ್ಯಾಲೇ ಕಳಿಸ್ರಿ, ಸ್ಕ್ರೀನ್‌ಶಾಟ್ ನೋಡಿ ಅಲ್ಲ. 'ನಾನು ಮಿಲಿಟರಿಯವನು, ಕ್ಯುಆರ್ ಕಳಿಸೀನಿ, ಸ್ಕ್ಯಾನ್ ಮಾಡ್ರಿ ದುಡ್ಡು ಬರತೈತಿ' ಅಂದ್ರ ಫೋನ್ ಇಟ್ಟುಬಿಡ್ರಿ. ದುಡ್ಡು ತಗೊಳ್ಳಾಕ ಯುಪಿಐ ಪಿನ್ ಒತ್ತೋ ಕೆಲಸ ಯಾವತ್ತೂ ಇಲ್ಲ. ಒತ್ತಿ ದುಡ್ಡು ಹೋಗಿದ್ರ ತಡ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚಿ ದೂರು ಬರಸ್ರಿ, ಎಷ್ಟು ಲಗೂನ ಹೇಳತೀರೋ ಅಷ್ಟು ಆ ದುಡ್ಡು ಮುಂದಿನ ಅಕೌಂಟಿಗೆ ಹೋಗದಂಗ ತಡಿಯಾಕ ಅನುಕೂಲ.