ಕಾಡುಕೋಣದ ಚಿತ್ರ ಏಕೆ ಬರಲಿಲ್ಲ

ನಮ್ಮ ಮನೆಯಲ್ಲಿ ಇಸ್ಪೀಟು ಮುಟ್ಟುವಂತಿರಲಿಲ್ಲ. ಎಲೆಯಾಟದ ರುಚಿ ನನಗೆ ಹತ್ತಿದ್ದು ಮೂವತ್ತು ದಾಟಿದ ಮೇಲೆ, ಅದೂ ಚಿಕ್ಕಪ್ಪನ ಮಗನ ದೆಸೆಯಿಂದ. ಪುಣೆಯಲ್ಲಿರುವ ಅವನು ಒಮ್ಮೆ ಊರಿಗೆ ಬಂದಾಗ ಮ್ಯಾಜಿಕ್: ದಿ ಗ್ಯಾದರಿಂಗ್ ಕಾರ್ಡುಗಳ ಎರಡು ಕಟ್ಟು ತಂದಿದ್ದ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು ರೂಪಿಸಿ, 1993ರಲ್ಲಿ ಮಾರುಕಟ್ಟೆಗೆ ಬಂದ ಆಟ. ಇಬ್ಬರಿಗೂ ತಲಾ 20 ಜೀವ. ಕನಿಷ್ಠ 60 ಎಲೆಗಳ ಕಟ್ಟನ್ನು ಆಡುವವನೇ ಆಯ್ದು ಜೋಡಿಸಿಕೊಳ್ಳಬೇಕು. ಆ ಎಲೆಗಳೋ ಮುಚ್ಚಿದ ಪೊಟ್ಟಣದಲ್ಲಿ ಬರುತ್ತವೆ. ಒಳಗೇನಿದೆ ಎಂಬುದು ದುಡ್ಡು ಕೊಟ್ಟು ಹರಿದ ಮೇಲೇ ತಿಳಿಯುವುದು. ಇಸ್ಪೀಟು ಬೇಡವೆಂದ ಅಪ್ಪನಿಗೆ ಇದನ್ನು ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ.

ಅವನು ಪುಣೆಗೆ ಮರಳಿದ. ಶಿವಮೊಗ್ಗದಲ್ಲಿ ನನ್ನೊಂದಿಗೆ ಆಡುವವರು ಯಾರೂ ಇರಲಿಲ್ಲ. ಆಗ ಸಿಕ್ಕಿದ್ದು ಕಾಕಟ್ರಿಸ್. ಕೋಳಿಯ ತಲೆ, ಹಾವಿನ ಬಾಲದ ಕಾಲ್ಪನಿಕ ಪ್ರಾಣಿಯೊಂದರ ಹೆಸರು ಅದು. ಬೇರೆ ಬೇರೆ ಊರಿನಲ್ಲಿರುವವರು ಅಂತರ್ಜಾಲದ ಮೂಲಕ ಇಂಥ ಎಲೆಯಾಟ ಆಡಲೆಂದು ಅಭಿಮಾನಿಗಳೇ ಬರೆದು ಉಚಿತವಾಗಿ ಕೊಟ್ಟಿರುವ, ಮೂಲಸಂಕೇತವೂ ತೆರೆದೇ ಇರುವ ತಂತ್ರಾಂಶ.

ಮೊದಲ ದಿನ ನನಗೆ ನಿರಾಸೆಯೇ ಆಯಿತು, ಏಕೆಂದರೆ ಅದಕ್ಕೆ ಆಟದ ನಿಯಮವೇ ಗೊತ್ತಿಲ್ಲ. ಎಲೆ ಕಲೆಸುತ್ತದೆ, ನನ್ನ ಕೈಯಲ್ಲಿರುವುದನ್ನು ಎದುರಾಳಿಗೆ ಕಾಣದಂತೆ ಮುಚ್ಚಿಡುತ್ತದೆ, ಕಂಟ್ರೋಲ್ ಜೊತೆ ಡಿ ಒತ್ತಿದರೆ ಒಂದು ಎಲೆ ಎಳೆದುಕೊಡುತ್ತದೆ, ಯಾರು ಏನು ಮಾಡಿದರೆಂದು ಪಕ್ಕದಲ್ಲಿ ಸಾಲು ಸಾಲಾಗಿ ಬರೆದಿಡುತ್ತದೆ. ಅಷ್ಟೇ. ಮೂರು ಏಟು ಬಿದ್ದರೆ ಜೀವ 20ರಿಂದ 17ಕ್ಕೆ ನಾವೇ ಇಳಿಸಿಕೊಳ್ಳಬೇಕು. ನಿಯಮ ಬಲ್ಲ ತಂತ್ರಾಂಶಗಳೂ ಇವೆ: ಫೋರ್ಜ್, ಎಕ್ಸ್‌ಮೇಜ್. ಫೋರ್ಜ್‌ನಲ್ಲಿ ಕಂಪ್ಯೂಟರೇ ಎದುರಾಳಿಯಾಗಿ ಕೂರುತ್ತದೆ. ಹಾಗಿದ್ದ ಮೇಲೆ ಈ ಬರಿ ಮೇಜು ಏಕೆ ಎಂದು ಪುಣೆಯ ಆ ತಮ್ಮನನ್ನೇ ಕೇಳಿದೆ. ಅವನು ನಕ್ಕು ಸುಮ್ಮನಾದ.

ಆಡುತ್ತಾ ಹೋದಂತೆ ಜಗಳ ಶುರುವಾಯಿತು. ನಾನು ಮೂರು ಏಟಿನ ಮಿಂಚಿನ ಎಲೆ ಹಾಕಿದವನೇ ಮುಂದಿನ ಕೆಲಸಕ್ಕೆ ಕೈಹಾಕುತ್ತಿದ್ದೆ. ಈ ಆಟದಲ್ಲಿ ಎದುರಾಳಿ ಹಾಕಿದ ಎಲೆಗೆ ಅಲ್ಲೇ ಮಾರುತ್ತರ ಕೊಡುವ ಹಕ್ಕಿದೆ. ಅದಕ್ಕೆ ಸಮಯ ಬಿಡಬೇಕು. "ಅಣ್ಣ, ನಿಲ್ಲು, ನನ್ನ ಉತ್ತರ ಬಾಕಿ ಇದೆ" ಎಂದು ಅವನು ಬರೆಯುವಷ್ಟರಲ್ಲಿ ನಾನು ಇನ್ನೊಂದು ಎಲೆ ಎಳೆದಾಗಿರುತ್ತಿತ್ತು. ಕೊನೆಗೆ, ಎದುರಿನವನು "ಆಗಲಿ" ಎಂದು ಬರೆಯುವವರೆಗೆ ಕೈ ಕಟ್ಟಿ ಕೂರಬೇಕೆಂದು ಒಪ್ಪಂದವಾಯಿತು. ನಿಯಮಪುಸ್ತಕದ ಆ ಭಾಗ ನನ್ನ ತಲೆಗೆ ಹತ್ತಿದ್ದು ಹೀಗೆ, ಬೈಸಿಕೊಂಡೇ.

ಸ್ವಂತ ಸರ್ವರ್ ಇಟ್ಟುಕೊಂಡ ಕಥೆ ಚಿಕ್ಕದು. ಆಡುವವರ ಕಂಪ್ಯೂಟರುಗಳನ್ನು ಬೆಸೆಯುವ, ಕಾಕಟ್ರಿಸ್‌ನದೇ ಆದ ಸರ್ವಟ್ರಿಸ್ ಎಂಬ ಭಾಗವನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿ, ಹೊರಗಿನವರು ಒಳಬರುವ ಬಾಗಿಲಾದ 4747ನೇ ಪೋರ್ಟ್ ತೆರೆದು ಎರಡು ರಾತ್ರಿ ಒದ್ದಾಡಿದೆ. ತಮ್ಮನಿಗೆ ಬಾಗಿಲು ತೆರೆಯಲೇ ಇಲ್ಲ. ನಮ್ಮ ಮನೆಯ ಬ್ರಾಡ್‌ಬ್ಯಾಂಡಿಗೆ ತನ್ನದೇ ಆದ ಸಾರ್ವಜನಿಕ ವಿಳಾಸವಿಲ್ಲ, ಹಲವು ಮನೆಗಳಿಗೆ ಸೇರಿ ಒಂದೇ ವಿಳಾಸ ಎಂದು ಆಮೇಲೆ ತಿಳಿಯಿತು. ಹೊರಗೊಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದೆ, ಮುಗಿಯಿತು.

ನಿಜವಾದ ಕೆಲಸ ಶುರುವಾದದ್ದು ತಮ್ಮನ ಹತ್ತು ವರ್ಷದ ಮಗಳಿಂದ. ಅಪ್ಪನ ಹೆಗಲ ಮೇಲಿಂದ ಇಣುಕಿ ನೋಡುತ್ತಿದ್ದವಳು ಒಂದು ದಿನ, "ದೊಡ್ಡಪ್ಪ, ಇದರಲ್ಲಿ ನಮ್ಮ ಕಾಡಿನ ಪ್ರಾಣಿಗಳು ಏಕಿಲ್ಲ?" ಎಂದಳು. ಆಗ ತಮ್ಮನ ನಗು ನನಗೆ ಅರ್ಥವಾಯಿತು. ಎಕ್ಸ್‌ಮೇಜ್‌ನಲ್ಲಿ ಹೊಸ ಎಲೆ ಬೇಕಾದರೆ ಅದು ಏನೇನು ಮಾಡಬಲ್ಲದೆಂದು ಜಾವಾ ಭಾಷೆಯಲ್ಲಿ ಬರೆಯಬೇಕು. ಕಾಕಟ್ರಿಸ್‌ಗೆ ಎಲೆಯೆಂದರೆ ಒಂದು ಹೆಸರು, ನಾಲ್ಕು ಸಾಲು ಬರಹ, ಒಂದು ಚಿತ್ರ. ನಿಯಮ ಗೊತ್ತಿಲ್ಲದ ಮೇಜಿನ ಮೇಲೆ ಯಾವ ಆಟವನ್ನಾದರೂ ಹರಡಬಹುದು.

ಎಕ್ಸ್‌ಎಂಎಲ್ ಎಂಬ ಬಗೆಯ ಪಠ್ಯ ಕಡತವೊಂದರಲ್ಲಿ ಮೂವತ್ತು ಎಲೆ ಬರೆದೆ. ಎಲೆ ಮೇಜಿನ ಯಾವ ಸಾಲಿಗೆ ಹೋಗಬೇಕೆಂದು ಹೇಳುವ ಅಂಕಿಯೊಂದು ಅದರಲ್ಲಿ ಇರುತ್ತದೆ: ಕೆರೆ, ಗದ್ದೆಯಂಥ ನೆಲದ ಎಲೆಗಳಿಗೆ 0, ಜೀವಿಗಳಿಗೆ 2. ಕೆರೆಯ ನಮೂದನ್ನೇ ನಕಲು ಮಾಡಿ ಹುಲಿ ಎಂದು ತಿದ್ದಿದ್ದರಿಂದ, ಹುಲಿ ಹೋಗಿ ಕೆರೆ ಗದ್ದೆಗಳ ನಡುವೆ ಕೂತಿತು. ಮಗುವಿಗೆ ಅದು ಸರಿಯಾಗಿಯೇ ಕಂಡಿತು. ನೀರು ಕುಡಿಯಲು ಬಂದಿದೆಯಂತೆ.

ಚಿತ್ರಗಳನ್ನು ಅವಳೇ ಬರೆದಳು. ತಮ್ಮ ತನ್ನ ಹಳೆಯ ಮ್ಯಾಕ್ ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಮಾಡಿ, ಕನ್ನಡದಲ್ಲೇ ಹೆಸರಿಟ್ಟು ಕಳಿಸಿದ. ಸರ್ವರ್ ಚಿತ್ರವನ್ನು ಸಾಗಿಸುವುದಿಲ್ಲ, ಎಲೆಯ ಹೆಸರನ್ನಷ್ಟೇ ಸಾಗಿಸುತ್ತದೆ. ಆ ಹೆಸರಿನ ಚಿತ್ರವನ್ನು ಅವರವರ ಕಂಪ್ಯೂಟರೇ ಹುಡುಕಿಕೊಳ್ಳಬೇಕು. ನನ್ನ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಹುಲಿ, ಆನೆ, ನವಿಲು, ಕಾಳಿಂಗ ಬಂದವು. ಕಾಡುಕೋಣ, ತೋಳ, ಸೀಳುನಾಯಿ, ಗೀಜಗ, ಕೇರೆಹಾವು ಬರಲಿಲ್ಲ. ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದು ಸಂಜೆಯೆಲ್ಲ ಚಿತ್ರಗಳ ಅಳತೆಯನ್ನು ದೂರುತ್ತಾ ಕಳೆದೆ.

ಬಂದವುಗಳನ್ನೂ ಬಾರದವುಗಳನ್ನೂ ಕಾಗದದ ಮೇಲೆ ಎರಡು ಪಟ್ಟಿ ಮಾಡಿದಾಗ ಕಣ್ಣಿಗೆ ಬಿತ್ತು. ಬಾರದ ಹೆಸರುಗಳಲ್ಲೆಲ್ಲ ದೀರ್ಘದ ಚಿಹ್ನೆಯಿತ್ತು: ಕೋ, ತೋ, ಸೀ, ಗೀ, ಕೇ. ಕಂಪ್ಯೂಟರಿಗಾಗಿ ಅಕ್ಷರಗಳಿಗೂ ಚಿಹ್ನೆಗಳಿಗೂ ಸಂಕೇತ ಗೊತ್ತುಮಾಡಿರುವ ಯುನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಇಡಿಯಾಗಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹೆಸರು ಹುಡುಕುವ ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಹಳೆಯ ಮ್ಯಾಕ್‌ಗಳ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತದೆ. ಎಣಿಸಿದರೆ ನನ್ನ ಕಾಡುಕೋಣಕ್ಕೆ ಏಳು ಸಂಕೇತ, ಪುಣೆಯಿಂದ ಬಂದ ಕಾಡುಕೋಣಕ್ಕೆ ಒಂಬತ್ತು. ಕನ್ನಡ ಕಾಗುಣಿತ ಬಲ್ಲೆನೆಂಬ ನನ್ನ ಜಂಬ ಅಲ್ಲಿಗೆ ಇಳಿಯಿತು. ಹೆಸರುಗಳನ್ನೆಲ್ಲ ಕೂಡಿಸಿ ಬರೆಯುವ ಐದಾರು ಸಾಲಿನ ಪೈಥಾನ್ ಪ್ರೋಗ್ರಾಂ ಬರೆದು ಓಡಿಸಿದೆ. ಕಾಡುಕೋಣ ಬಂತು, ಕೊಂಬು ಸ್ವಲ್ಪ ಸೊಟ್ಟಗಿತ್ತು.

ಈಗ ಭಾನುವಾರಗಳಂದು ಮೂವರೂ ಆಡುತ್ತೇವೆ. ನಿಯಮ ಮಾಡುವವಳು ಅವಳೇ, ಸೋಲುವಂತಾದಾಗ ಬದಲಾಯಿಸುವವಳೂ ಅವಳೇ. ಕಳೆದ ವಾರದಿಂದ ಗೀಜಗದ ಗೂಡಿಗೆ ಕೇರೆಹಾವು ಹತ್ತುವಂತಿಲ್ಲ. ಕಡತದಲ್ಲಿ ಆ ಸಾಲು ತಿದ್ದಿ ಪುಣೆಗೆ ಕಳಿಸಿದ್ದೇನೆ.