ಸಣ್ಣ ನಾಟಕ ತಂಡದ ಒಂದು ವರ್ಷದ ತಿರುಗಾಟ: ಹೊರಡುವ ಮುಂಚೆ ಓದಿಕೊಳ್ಳಿ

ನಾಟಕ ಚೆನ್ನಾಗಿ ಬಂದಿದೆ. ಮೊದಲ ಪ್ರಯೋಗಗಳಿಗೆ ಜನ ಬಂದರು, ನಮ್ಮೂರಿಗೂ ಬನ್ನಿ ಅಂತ ನಾಲ್ಕು ಕಡೆಯಿಂದ ಕರೆ ಬಂತು, ತಂಡದವರೆಲ್ಲ ಕೂತು ಈ ವರ್ಷ ಪೂರ್ತಿ ತಿರುಗೋಣ ಅಂತ ತೀರ್ಮಾನ ಮಾಡಿಬಿಟ್ಟಿರಿ. ಒಳ್ಳೆಯದು. ಈಗ ನಾಟಕದ ಚಿಂತೆ ಸ್ವಲ್ಪ ಬದಿಗಿಡಿ. ತಿರುಗಾಟದ ತಂಡಗಳಿಗೆ ಪೆಟ್ಟು ಬೀಳುವುದು ಜಾಸ್ತಿ ಎರಡು ಶೋಗಳ ನಡುವಿನ ಹೊತ್ತಿನಲ್ಲಿ. ನಿದ್ದೆ ಇಲ್ಲದ ಡ್ರೈವಿಂಗು, ಒಗೆಯದ ಕಾಸ್ಟ್ಯೂಮು, ಬಾಗಿಲಲ್ಲಿ ಹಿಡಿಸದ ಸೆಟ್ಟು, ಬರಬೇಕಾದ ದುಡ್ಡು. ಇಲ್ಲಿ ಬರೆದಿರುವುದೆಲ್ಲ ಆ ಹೊತ್ತಿನ ಬಗ್ಗೆ. ಏಳೆಂಟು ಜನ, ಒಂದು ವ್ಯಾನು, ಒಂದೋ ಎರಡೋ ನಾಟಕ ಇರುವ ತಂಡವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಕ್ಯಾಲೆಂಡರಿನಲ್ಲಿ ಮೊದಲು ರಜೆ ಬರೆಯಿರಿ

ಎಲ್ಲರೂ ಮಾಡುವುದು ಉಲ್ಟಾ. ಬಂದ ಶೋಗಳನ್ನೆಲ್ಲ ತುಂಬಿಸಿ, ಉಳಿದ ಖಾಲಿ ಜಾಗಕ್ಕೆ ವಿಶ್ರಾಂತಿ ಅಂತಾರೆ. ಖಾಲಿ ಜಾಗ ಉಳಿಯುವುದೇ ಇಲ್ಲ. 52 ವಾರಗಳ ದೊಡ್ಡ ಹಾಳೆಯೊಂದನ್ನು ಗೋಡೆಗೆ ಅಂಟಿಸಿ. ಮೊದಲು ಹೊಸ ನಾಟಕದ ತಾಲೀಮಿಗೆ ಐದಾರು ವಾರ ಗುರುತು ಹಾಕಿ. ವರ್ಷದ ನಡುವೆ ಸೆಟ್ಟು, ಬಟ್ಟೆ, ವ್ಯಾನು ರಿಪೇರಿಗೆ ಒಂದು ವಾರ. ತಿರುಗಾಟದ ಪ್ರತಿ ವಾರದಲ್ಲೂ ಪೂರ್ತಿ ಒಂದು ದಿನ ಏನೂ ಇಲ್ಲ. ಪ್ರಯಾಣದ ದಿನವನ್ನು ರಜೆ ಅಂತ ಲೆಕ್ಕ ಹಾಕಬೇಡಿ. ಎಂಟು ಗಂಟೆ ವ್ಯಾನಿನಲ್ಲಿ ಕೂತವರು ರಜೆಯಲ್ಲಿ ಇರಲಿಲ್ಲ.

ತಾಲೀಮನ್ನೂ ತಿರುಗಾಟವನ್ನೂ ಕಲಸಿಕೊಳ್ಳದಿದ್ದರೆ ಇನ್ನೂ ಒಳ್ಳೆಯದು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಶುರು ಮಾಡಿದ ತಿರುಗಾಟದ ಕ್ರಮವನ್ನೇ ನೋಡಿ. ಮೊದಲು ಒಂದೇ ಕಡೆ ಕೂತು ನಾಟಕಗಳನ್ನು ಕಟ್ಟುವುದು, ಆಮೇಲೆ ಅದೇ ಕಲಾವಿದರು ಅವುಗಳನ್ನು ಹೊತ್ತು ಊರೂರಿಗೆ ಹೋಗುವುದು. ಎರಡೂ ಬೇರೆ ಬೇರೆ ಕಾಲ. ಸಂಜೆ ಶೋ ಮುಗಿಸಿ ಬೆಳಿಗ್ಗೆ ಹೊಸ ನಾಟಕದ ಮಾತು ಬಾಯಿಪಾಠ ಮಾಡಿಸುತ್ತೇನೆ ಅನ್ನುವ ನಿರ್ದೇಶಕರಿಗೆ ನಯವಾಗಿ ಬೇಡ ಅನ್ನಿ.

ಆಮೇಲೆ ಶೋಗಳು. ಖಚಿತವಾದದ್ದು ಪೆನ್ನಲ್ಲಿ, ಮಾತುಕತೆಯಲ್ಲಿ ಇರುವುದು ಪೆನ್ಸಿಲಲ್ಲಿ. ಪೆನ್ಸಿಲಿನ ದಿನಾಂಕಕ್ಕೂ ಒಂದು ಗಡುವು ಇರಲಿ: ಇಂಥ ತಾರೀಖಿನೊಳಗೆ ಹೇಳದಿದ್ದರೆ ಆ ದಿನ ಬೇರೆಯವರಿಗೆ ಹೋಗುತ್ತದೆ ಅಂತ ಆಯೋಜಕರಿಗೆ ಮೊದಲೇ ತಿಳಿಸಿಬಿಡಿ, ಇಲ್ಲದಿದ್ದರೆ ನೋಡೋಣ ನೋಡೋಣ ಅಂತಲೇ ಮೂರು ಜನ ಒಂದೇ ಶನಿವಾರವನ್ನು ಹಿಡಿದಿಟ್ಟುಕೊಂಡು ಕೊನೆಗೆ ಒಬ್ಬರೂ ಕರೆಯುವುದಿಲ್ಲ.

ಮನೆಗೆ ಬಂದು ಮತ್ತೆ ಹೊರಡುವ ಓಡಾಟ ದುಬಾರಿ. ಎರಡು ದೂರದ ಊರುಗಳಲ್ಲಿ ಶೋ ಖಚಿತವಾದ ಕೂಡಲೇ ನಡುವಿನ ದಾರಿಯಲ್ಲಿ ಇರುವ ಕಾಲೇಜು, ಸಂಘ, ಸಭಾಂಗಣಗಳಿಗೆಲ್ಲ ಫೋನ್ ಮಾಡಿ. ನಾವು ಹೇಗೂ ಆ ಕಡೆ ಬರ್ತಿದ್ದೇವೆ ಅನ್ನುವ ಮಾತಿಗೆ ಒಳ್ಳೆಯ ಬೆಲೆ ಇದೆ. ಪ್ರಯಾಣದ ಖರ್ಚು ಹಂಚಿಹೋಗುವುದರಿಂದ ಅವರಿಗೂ ಸ್ವಲ್ಪ ಕಡಿಮೆ ಹೇಳಬಹುದು.

ದುಡ್ಡು

ವರ್ಷದ ಖರ್ಚನ್ನು ಎರಡು ಭಾಗ ಮಾಡಿ. ಶೋ ಆಗಲಿ ಬಿಡಲಿ ಆಗುವ ಖರ್ಚು ಒಂದು: ಸೆಟ್ಟು, ಬಟ್ಟೆ, ತಾಲೀಮಿನ ದಿನಗಳ ಸಂಬಳ, ವಿಮೆ, ಗೋದಾಮಿನ ಬಾಡಿಗೆ. ಒಂದೊಂದು ಶೋಗೂ ಆಗುವ ಖರ್ಚು ಇನ್ನೊಂದು: ಇಂಧನ, ಊಟ, ವಸತಿ, ಕಲಾವಿದರ ಸಂಭಾವನೆ, ನಾಟಕಕಾರರ ಗೌರವಧನ. ಮೊದಲನೆಯದನ್ನು ಶೋಗಳ ಸಂಖ್ಯೆಯಿಂದ ಭಾಗಿಸಿ ಎರಡನೆಯದಕ್ಕೆ ಕೂಡಿಸಿದರೆ ನಿಮ್ಮ ಕನಿಷ್ಠ ದರ ಸಿಗುತ್ತದೆ. ಆದರೆ ಆಸೆಯ ಸಂಖ್ಯೆಯಿಂದ ಭಾಗಿಸಬೇಡಿ. 80 ಶೋ ಆಗಬಹುದು ಅನಿಸಿದರೆ 60 ಹಾಕಿ. ಮಳೆ, ಜ್ವರ, ಆಯೋಜಕರ ಸಂಘದ ಒಳಜಗಳ, ಏನಾದರೊಂದು ಬಂದೇ ಬರುತ್ತದೆ.

ಕರೆಯುವವರು ಸಾಮಾನ್ಯವಾಗಿ ಮೂರು ಥರ ಮಾತಾಡುತ್ತಾರೆ. ಇಂತಿಷ್ಟು ಕೊಡುತ್ತೇವೆ ಅನ್ನುವುದು, ಟಿಕೆಟ್ ಹಣದಲ್ಲಿ ಪಾಲು ಅನ್ನುವುದು, ಇಷ್ಟು ಖಾತ್ರಿ ಅದರ ಮೇಲೆ ಬಂದದ್ದರಲ್ಲಿ ಪಾಲು ಅನ್ನುವುದು. ಬರೀ ಪಾಲಿಗೆ ಒಪ್ಪಿಕೊಂಡರೆ ಆ ಊರಿನ ಪ್ರಚಾರದ ಜವಾಬ್ದಾರಿ ನಿಮ್ಮ ತಲೆ ಮೇಲೆ ಬಂತು ಅಂತಲೇ ಅರ್ಥ. ಗುರುತಿಲ್ಲದ ಊರಲ್ಲಿ ಅದು ಕಷ್ಟ. ಮೊದಲ ವರ್ಷ ಒಂದನೆಯದನ್ನೋ ಮೂರನೆಯದನ್ನೋ ಹಿಡಿಯಿರಿ.

ಎಲ್ಲವೂ ಬರಹದಲ್ಲಿ ಇರಲಿ. ಸ್ನೇಹಿತರೇ ಕರೆದಿದ್ದರೂ ಇರಲಿ, ಅವರೇ ಕರೆದಾಗ ಇನ್ನೂ ಅವಶ್ಯ. ಒಂದೇ ಪುಟ ಸಾಕು: ದಿನ, ಹೊತ್ತು, ಮೊತ್ತ, ಮುಂಗಡ ಎಷ್ಟು, ಬಾಕಿ ಯಾವಾಗ, ಊಟ ವಸತಿ ಯಾರದ್ದು, ಶೋ ರದ್ದಾದರೆ ಏನು. ರದ್ದತಿಗೆ ಮೆಟ್ಟಿಲು ಮಾಡಿ. ಒಂದು ತಿಂಗಳ ಮುಂಚೆ ಹೇಳಿದರೆ ಮುಂಗಡ ಮಾತ್ರ ನಮಗೆ, ಅದಕ್ಕಿಂತ ತಡವಾದರೆ ಅರ್ಧ, ಕೊನೆಯ ವಾರದಲ್ಲಿ ಪೂರ್ತಿ. ಬಾಕಿ ಹಣ ಶೋ ದಿನವೇ ಬರಬೇಕು. ನಾಳೆ ಕಳಿಸ್ತೇವೆ ಅನ್ನುವ ಹಣಕ್ಕೆ ಆರು ತಿಂಗಳು ಫೋನ್ ಮಾಡುವ ಕೆಲಸ ತಂಡದಲ್ಲಿ ಯಾರಿಗೂ ಇಷ್ಟ ಇಲ್ಲ.

ನಾಟಕದ ಹಕ್ಕನ್ನು ಮರೆಯಬೇಡಿ. ಎಷ್ಟು ಪ್ರಯೋಗ, ಯಾವ ಯಾವ ಪ್ರದೇಶ, ಯಾವ ತಾರೀಖಿನವರೆಗೆ ಅನ್ನುವುದು ಅನುಮತಿ ಪತ್ರದಲ್ಲಿ ಇರಬೇಕು. ಅನುವಾದ ಆಡುತ್ತಿದ್ದರೆ ಮೂಲ ಲೇಖಕರ ಕಡೆಯವರದ್ದೂ ಅನುವಾದಕರದ್ದೂ ಒಪ್ಪಿಗೆ ಬೇಕು. ತೀರಿಕೊಂಡವರ ನಾಟಕ ಎಲ್ಲರದ್ದು ಅನ್ನುವುದು ಸುಮ್ನೆ ಮಾತು. ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದದ ಪ್ರಕಾರ ಲೇಖಕರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ ಹಕ್ಕು ಉಳಿಯುತ್ತದೆ, ಭಾರತದಲ್ಲಿ 60, ಯೂರೋಪಿನ ಬಹಳಷ್ಟು ದೇಶಗಳಲ್ಲಿ 70. ನಾಟಕದಲ್ಲಿ ಬಳಸುವ ರೆಕಾರ್ಡ್ ಸಂಗೀತಕ್ಕೆ ಬೇರೆಯೇ ಅನುಮತಿ.

ವ್ಯಾನಿನ ಬಾಗಿಲು ಅಳೆದು ಆಮೇಲೆ ಸೆಟ್ ಮಾಡಿ

ಇಂಗ್ಲೆಂಡಿನ ರಂಗ ನಿರ್ದೇಶಕ ಪೀಟರ್ ಬ್ರೂಕ್ 1972ರ ಕೊನೆಗೆ ತಮ್ಮ ತಂಡವನ್ನು ಕಟ್ಟಿಕೊಂಡು ಆಫ್ರಿಕಾದ ಹಳ್ಳಿಗಳಲ್ಲಿ ತಿರುಗಿದಾಗ ಅವರ ರಂಗಸ್ಥಳ ಒಂದು ಜಮಖಾನೆ. ಅದನ್ನು ಹಾಸಿದ ಕಡೆ ನಾಟಕ. ಎಲ್ಲರೂ ಅಷ್ಟು ಬರಿಗೈಯಲ್ಲಿ ಹೋಗಬೇಕಿಲ್ಲ. ಆದರೆ ವಿನ್ಯಾಸಕಾರರು ಮಾದರಿ ಮಾಡುವ ಮುಂಚೆ ವ್ಯಾನಿನ ಒಳಗಿನ ಉದ್ದ, ಅಗಲ, ಎತ್ತರ ಮತ್ತು ಮುಖ್ಯವಾಗಿ ಹಿಂಬಾಗಿಲಿನ ಅಳತೆ ಅವರ ಕೈಯಲ್ಲಿ ಇರಬೇಕು. ಒಳಗೆ ಜಾಗ ಇದ್ದು ಬಾಗಿಲಲ್ಲಿ ಹಿಡಿಸದ ಲೆವೆಲ್‌ನಿಂದ (ರಂಗದ ಮೇಲೆ ಇಡುವ ಎತ್ತರದ ಕಟ್ಟೆ) ಏನು ಉಪಯೋಗ?

ತಿರುಗಾಟದ ಸೆಟ್ಟಿಗೆ ಕೆಲವು ಪರೀಕ್ಷೆಗಳಿವೆ. ಯಾವ ತುಂಡನ್ನೂ ಇಬ್ಬರು ಎತ್ತಿ ಮೆಟ್ಟಿಲು ಹತ್ತಬೇಕು. ಒಂದೇ ಸ್ಪ್ಯಾನರಿನಲ್ಲಿ ಎಲ್ಲ ಬೋಲ್ಟು ಬಿಚ್ಚಬೇಕು. 30 ಅಡಿ ಅಗಲದ ರಂಗದಲ್ಲೂ 18 ಅಡಿಯ ಶಾಲೆಯ ವೇದಿಕೆಯಲ್ಲೂ ಕೂರಬೇಕು. ಮೇಲಿಂದ ತೂಗುಹಾಕುವುದು ಏನೂ ಇಲ್ಲದಿದ್ದರೆ ಅರ್ಧ ತಲೆನೋವು ಹೋಯಿತು, ಯಾಕೆಂದರೆ ತೂಗುಹಾಕಲು ಏನೂ ಇಲ್ಲದ ಸಭಾಂಗಣಗಳೇ ಜಾಸ್ತಿ. ಬಟ್ಟೆಯ ಹಿನ್ನೆಲೆಗಳಿಗೆಲ್ಲ ಬೆಂಕಿ ನಿರೋಧಕ ದ್ರಾವಣ ಹೊಡೆಸಿ, ಹೊಡೆಸಿದ ದಾಖಲೆ ಫೈಲಿನಲ್ಲಿಡಿ, ಕೆಲವು ಕಡೆ ಕೇಳುತ್ತಾರೆ.

ಮೊದಲ ಸಲ ಸರಿಯಾಗಿ ತುಂಬಿದ ದಿನ ವ್ಯಾನಿನ ಫೋಟೋ ಹಂತ ಹಂತವಾಗಿ ತೆಗೆದು ಬಾಗಿಲ ಒಳಮೈಗೆ ಅಂಟಿಸಿ. ರಾತ್ರಿ ಹನ್ನೊಂದಕ್ಕೆ ಸುಸ್ತಾದ ಜನ ಇದು ಮೊದಲು ಅದು ಮೊದಲು ಅಂತ ಜಗಳ ಆಡುವುದು ನಿಲ್ಲುತ್ತದೆ. ಮುಂದಿನ ಊರಿನಲ್ಲಿ ಮೊದಲು ಬೇಕಾದದ್ದು ಕೊನೆಗೆ ಒಳಗೆ ಹೋಗಬೇಕು. ಸಾಮಾನ್ಯವಾಗಿ ಅದು ಲೈಟು ಮತ್ತು ಕೇಬಲ್ಲು.

ಹೋಗುವ ಮುಂಚೆ ಕೇಳಬೇಕಾದ್ದು

ನಮ್ಮಲ್ಲಿ ಎಲ್ಲಾ ವ್ಯವಸ್ಥೆ ಇದೆ ಸಾರ್ ಅನ್ನುವ ಉತ್ತರ ಉತ್ತರವಲ್ಲ. ಪ್ರಶ್ನೆಗಳ ಹಾಳೆ ಕಳಿಸಿ. ರಂಗದ ಅಗಲ, ಆಳ, ಎತ್ತರ ಎಷ್ಟು? ಎರಡೂ ಕಡೆ ವಿಂಗ್ಸ್, ಅಂದರೆ ನಟರು ಕಾಯುವ ಪಕ್ಕದ ಮರೆ, ಇದೆಯಾ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಪ್ರೇಕ್ಷಕರಿಗೆ ಕಾಣದೆ ದಾಟಬಹುದಾ? ವ್ಯಾನು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ರಂಗಕ್ಕೆ ಎಷ್ಟು ಮೆಟ್ಟಿಲು? ಕಿಟಕಿಗಳನ್ನು ಮುಚ್ಚಿದರೆ ಕತ್ತಲಾಗುತ್ತದಾ? ಗ್ರೀನ್ ರೂಮಿನ ಹತ್ತಿರ ನೀರು, ಶೌಚಾಲಯ ಇದೆಯಾ, ಹೆಂಗಸರಿಗೆ ಬೇರೆ ಕೋಣೆ ಇದೆಯಾ? ಪಕ್ಕದಲ್ಲಿ ಅದೇ ಹೊತ್ತಿಗೆ ಧ್ವನಿವರ್ಧಕದ ಕಾರ್ಯಕ್ರಮ ಏನಾದರೂ ಇದೆಯಾ? ಜೊತೆಗೆ ರಂಗದ ಮೇಲೆ ನಿಂತು ಸಭಾಂಗಣದ ಕಡೆ, ಸಭಾಂಗಣದ ಕೊನೆಯಲ್ಲಿ ನಿಂತು ರಂಗದ ಕಡೆ ಒಂದೊಂದು ವಿಡಿಯೋ ಕೇಳಿ. ಎರಡು ನಿಮಿಷದ ಕೆಲಸ, ಹಾಳೆಯಲ್ಲಿ ಬರೆಯದ್ದೆಲ್ಲ ಅದರಲ್ಲಿ ಕಾಣುತ್ತದೆ.

ಕರೆಂಟಿನ ಬಗ್ಗೆ ಮಾತ್ರ ಯಾರ ಮಾತನ್ನೂ ನಂಬದೆ ನೀವೇ ಲೆಕ್ಕ ಹಾಕಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 1000 ವ್ಯಾಟಿನ ಹಳೆಯ ಪಾರ್ ಲೈಟು (ಡಬ್ಬಿಯಾಕಾರದ ರಂಗದ ದೀಪ) 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಅಂದರೆ 15 ಆಂಪಿಯರಿನ ಒಂದು ಸರ್ಕ್ಯೂಟಿನಲ್ಲಿ ಮೂರು ಹಾಕಬಹುದು, ನಾಲ್ಕನೆಯದು ಹಾಕಿದರೆ ಮಿತಿ ದಾಟುತ್ತದೆ, ಅದೂ ಎಲ್ಲ ಲೈಟು ಒಟ್ಟಿಗೆ ಉರಿಯುವ ಕ್ಲೈಮ್ಯಾಕ್ಸಿನಲ್ಲಿ. 120 ವೋಲ್ಟಿನ ದೇಶಗಳಲ್ಲಿ ಅದೇ ಲೈಟಿಗೆ 8.3 ಆಂಪಿಯರ್ ಬೇಕು. ಸಣ್ಣ ತಂಡಕ್ಕೆ ಎಲ್‌ಇಡಿ ಪಾರ್ ವರ ಇದ್ದ ಹಾಗೆ, ಒಂದಕ್ಕೆ ನೂರಿನ್ನೂರು ವ್ಯಾಟ್ ಅಷ್ಟೇ. ಸುತ್ತಿಟ್ಟ ಕೇಬಲನ್ನು ಪೂರ್ತಿ ಬಿಚ್ಚಿ ಬಳಸಿ. ಸುತ್ತಿದ ಹಾಗೇ ಹೆಚ್ಚು ಕರೆಂಟು ಹರಿಸಿದರೆ ಒಳಗೊಳಗೇ ಬಿಸಿಯಾಗಿ ಕರಗಬಹುದು. ಮೇಲೆ ಕಟ್ಟಿದ ಪ್ರತಿ ಲೈಟಿಗೂ ಸುರಕ್ಷಾ ಸರಪಳಿ.

ಶೋ ದಿನ

ಹಿಂದಿನಿಂದ ಲೆಕ್ಕ ಹಾಕಿ. ಏಳಕ್ಕೆ ನಾಟಕ ಅಂದರೆ ಆರೂವರೆಗೆ ಪ್ರೇಕ್ಷಕರು ಒಳಗೆ, ಅಷ್ಟರಲ್ಲಿ ರಂಗ ಖಾಲಿ. ಐದರಿಂದ ಮೇಕಪ್ಪು. ನಾಲ್ಕರಿಂದ ಒಂದು ಗಂಟೆ ಹೊಸ ಜಾಗಕ್ಕೆ ಹೊಂದಿಕೊಳ್ಳುವ ಓಡಾಟ: ಪೂರ್ತಿ ನಾಟಕ ಬೇಡ, ಪ್ರವೇಶ, ನಿರ್ಗಮನ, ಹೊಡೆದಾಟ, ಹಾಡು, ಕತ್ತಲಲ್ಲಿ ನಡೆಯುವ ಬದಲಾವಣೆ ಇಷ್ಟೇ. ಅದಕ್ಕೂ ಮುಂಚೆ ಲೈಟ್ ಕಟ್ಟಿ ಫೋಕಸ್ ಮಾಡಲು ಮೂರು ಗಂಟೆ. ಅಂದರೆ ಹನ್ನೆರಡರ ಒಳಗೆ ವ್ಯಾನು ಬಾಗಿಲಲ್ಲಿ ಇರಬೇಕು, ನಡುವೆ ಊಟವೂ ಆಗಬೇಕು. ಒಂದು ಗಂಟೆ ತಡವಾಗಿ ಬಂದರೆ ಎಲ್ಲರೂ ಮೊದಲು ಕತ್ತರಿಸುವುದು ಆ ಓಡಾಟವನ್ನೇ. ನಾನಾದರೆ ಲೈಟನ್ನು ಸರಳ ಮಾಡಿ ಓಡಾಟ ಉಳಿಸುತ್ತೇನೆ. ನಾಲ್ಕು ಲೈಟು ಕಡಿಮೆಯಾದದ್ದು ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ, ವಿಂಗಿಗೆ ಡಿಕ್ಕಿ ಹೊಡೆದ ರಾಜ ಗೊತ್ತಾಗುತ್ತಾನೆ.

ಮೆಟ್ಟಿಲಿನ ಅಂಚು, ಲೆವೆಲ್ಲಿನ ಅಂಚುಗಳಿಗೆ ಕತ್ತಲಲ್ಲಿ ಹೊಳೆಯುವ ಟೇಪು ಅಂಟಿಸಿ. ಪರಿಕರಗಳನ್ನು ಮೇಜಿನ ಮೇಲೆ ಚೌಕ ಗೆರೆ ಎಳೆದು ಹೆಸರು ಬರೆದು ಇಡಿ, ಖಾಲಿ ಚೌಕ ಕಂಡರೆ ಏನು ಕಾಣೆಯಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಜನ

ಶೋ ಮುಗಿಸಿದ ನಟ ಆ ರಾತ್ರಿಯೇ ದೂರದ ಊರಿಗೆ ವ್ಯಾನು ಓಡಿಸಬಾರದು. ಇದರಲ್ಲಿ ಚೌಕಾಸಿ ಇಲ್ಲ. ಬೇರೆ ಚಾಲಕರಿಗೆ ದುಡ್ಡಿಲ್ಲ ಅಂದರೆ ಅಲ್ಲೇ ಉಳಿದು ಬೆಳಿಗ್ಗೆ ಹೊರಡಿ, ಅದಕ್ಕೆ ತಕ್ಕಂತೆ ಮುಂದಿನ ಶೋ ಒಪ್ಪಿಕೊಳ್ಳಿ.

ಪ್ರತಿಯೊಬ್ಬರೂ ತಮ್ಮದಲ್ಲದ ಇನ್ನೊಂದು ಪಾತ್ರ ಕಲಿತಿರಲಿ. ಏಳು ಜನರ ತಂಡದಲ್ಲಿ ಬದಲಿ ನಟರನ್ನು ಸುಮ್ನೆ ಕೂರಿಸಿಕೊಂಡು ತಿರುಗಲು ಆಗುವುದಿಲ್ಲ ಅಲ್ವಾ. ವಾರಕ್ಕೊಮ್ಮೆ ವ್ಯಾನಿನಲ್ಲೇ ಪಾತ್ರ ಬದಲಿಸಿ ಮಾತು ಓಡಿಸಿ, ತಮಾಷೆಯೂ ಆಗುತ್ತದೆ, ಜ್ವರದ ದಿನಕ್ಕೆ ತಯಾರಿಯೂ ಆಗುತ್ತದೆ. ಗಂಟಲು ಕಟ್ಟಿದವರು ಪಿಸುಮಾತಿನಲ್ಲಿ ಮಾತಾಡಬಾರದು, ಅದರಿಂದ ಗಂಟಲಿಗೆ ಇನ್ನೂ ಆಯಾಸ. ಸುಮ್ಮನಿರುವುದೇ ಮದ್ದು.

ದಿನಾ ಒಗೆಯಲಾಗದ ಭಾರಿ ಕಾಸ್ಟ್ಯೂಮಿಗೆ ಹಳೆಯ ರಂಗದ ಉಪಾಯ ಒಂದಿದೆ: ಅಗ್ಗದ ವೋಡ್ಕಾವನ್ನು ಸ್ಪ್ರೇ ಬಾಟಲಿಗೆ ಹಾಕಿ ಕಂಕುಳಿನ ಭಾಗಕ್ಕೆ ಒಳಗಿನಿಂದ ಹೊಡೆದು ಗಾಳಿಗೆ ನೇತುಹಾಕುವುದು. ವಾಸನೆ ಹೋಗುತ್ತದೆ. ಮೊದಲು ಮೂಲೆಯಲ್ಲಿ ಸ್ವಲ್ಪ ಹೊಡೆದು ಬಣ್ಣ ಬಿಡುತ್ತದಾ ನೋಡಿ. ಬಾಟಲಿಯ ಮೇಲೆ ಕಾಸ್ಟ್ಯೂಮಿಗೆ ಮಾತ್ರ ಅಂತ ದೊಡ್ಡದಾಗಿ ಬರೆಯಿರಿ, ಕಾರಣ ಹೇಳಬೇಕಿಲ್ಲ.

ಮೂವತ್ತನೆಯ ಪ್ರಯೋಗದ ಹೊತ್ತಿಗೆ

ನಾಟಕ ಸಡಿಲವಾಗುತ್ತದೆ. ಯಾರಿಗೂ ಗೊತ್ತಾಗದ ಹಾಗೆ ಆಗುತ್ತದೆ. ನಗು ಬಂದ ಕಡೆ ಇನ್ನೊಂದು ಸ್ವಲ್ಪ ನಿಲ್ಲುವುದು, ಅಳುವ ಕಡೆ ಇನ್ನೊಂದು ಉಸಿರು, ಹೊಸದಾಗಿ ಹುಟ್ಟಿದ ಒಂದು ತಮಾಷೆ. ಇದನ್ನು ಹಿಡಿಯಲು ಗಡಿಯಾರ ಸಾಕು. ರಂಗ ನಿರ್ವಾಹಕರು ಪ್ರತಿ ಶೋನ ಅವಧಿಯನ್ನು ದೃಶ್ಯವಾರು ಬರೆದಿಡಲಿ. 90 ನಿಮಿಷದ ನಾಟಕ 98 ಆಗಿದ್ದರೆ ಆ ಎಂಟು ನಿಮಿಷ ಯಾವ ದೃಶ್ಯದಲ್ಲಿ ಸೇರಿಕೊಂಡಿದೆ ಅಂತ ಹಾಳೆಯೇ ಹೇಳುತ್ತದೆ. ಯಾರ ಮೇಲೂ ಬೆರಳು ತೋರಿಸಬೇಕಿಲ್ಲ. ನಿರ್ದೇಶಕರು ಜೊತೆಗೆ ತಿರುಗದಿದ್ದರೆ ಎರಡು ತಿಂಗಳಿಗೊಮ್ಮೆಯಾದರೂ ಬಂದು ಪ್ರೇಕ್ಷಕರ ನಡುವೆ ಕೂತು ನೋಡಿ, ಮಾರನೆಯ ದಿನ ಅರ್ಧ ದಿನ ತಾಲೀಮು ಮಾಡಿಸಲಿ. ಆ ಅರ್ಧ ದಿನವನ್ನೂ ಕ್ಯಾಲೆಂಡರಿನಲ್ಲಿ ಮೊದಲೇ ಬರೆದಿರಬೇಕು. ಹುಟ್ಟಿಕೊಂಡ ಹೊಸದೆಲ್ಲ ಕೆಟ್ಟದ್ದಲ್ಲ, ಕೆಲವನ್ನು ಉಳಿಸಿಕೊಳ್ಳಬಹುದು. ಉಳಿಸಿಕೊಂಡದ್ದನ್ನು ಸ್ಕ್ರಿಪ್ಟಿನಲ್ಲಿ ಬರೆಯಿರಿ.

ಮುಂದಿನ ವರ್ಷದ ಶೋಗಳಿಗೆ ಪತ್ರ ಹೋಗಬೇಕಾದದ್ದೂ ಇದೇ ಹೊತ್ತಿನಲ್ಲಿ. ತಿರುಗಾಟ ಮುಗಿದ ಮೇಲೆ ಕೇಳೋಣ ಅಂದರೆ ಒಳ್ಳೆಯ ಉತ್ಸವಗಳು, ದೊಡ್ಡ ಸಭಾಂಗಣಗಳು ಆಗಲೇ ತುಂಬಿರುತ್ತವೆ. ತಂಡದಲ್ಲಿ ಒಬ್ಬರಿಗೆ ವಾರಕ್ಕೆ ಒಂದು ಬೆಳಿಗ್ಗೆ ಸೆಟ್ ಹೊರುವುದರಿಂದ ವಿನಾಯಿತಿ ಕೊಟ್ಟು ಫೋನು, ಮೇಲ್ ಕೆಲಸಕ್ಕೆ ಕೂರಿಸಿ. ಶೋ ಆದ ಪ್ರತಿ ಊರಿನ ಬಗ್ಗೆ ಒಂದು ಪುಟ ಇರಲಿ: ಜನ ಎಷ್ಟು, ಹಣ ಯಾವಾಗ ಬಂತು, ರಂಗ ಹೇಗಿತ್ತು, ಮತ್ತೆ ಹೋಗಬೇಕಾ. ಚೆನ್ನಾಗಿ ನೋಡಿಕೊಂಡ ಆಯೋಜಕರಿಗೆ ಮೊದಲು ಪತ್ರ.

ವರ್ಷ ಮುಗಿದಾಗ ಎಲ್ಲರೂ ಮನೆಗೆ ಓಡುವ ಮುಂಚೆ ಎರಡು ದಿನ ಹಿಡಿದಿಟ್ಟುಕೊಳ್ಳಿ. ಕಾಸ್ಟ್ಯೂಮುಗಳನ್ನು ಒಗೆದು, ಪೂರ್ತಿ ಒಣಗಿಸಿ ಇಡಿ, ಬೆವರಿನ ಬಟ್ಟೆಗೆ ನುಸಿ ಬೇಗ ಬೀಳುತ್ತದೆ. ಸೆಟ್ಟಿನ ತುಂಡುಗಳನ್ನು ನೆಲದಿಂದ ಎತ್ತರಿಸಿ ಜೋಡಿಸಿ. ಬೋಲ್ಟುಗಳನ್ನು ಆಯಾ ತುಂಡಿಗೇ ಚೀಲದಲ್ಲಿ ಕಟ್ಟಿ. ವೈರ್‌ಲೆಸ್ ಮೈಕುಗಳ ಬ್ಯಾಟರಿ ತೆಗೆಯಿರಿ, ಇಲ್ಲದಿದ್ದರೆ ಒಳಗೇ ಸೋರುತ್ತವೆ. ಬಾಡಿಗೆಗೆ ತಂದ ಲೈಟುಗಳನ್ನು ಎಣಿಸಿ ವಾಪಸ್ ಕೊಟ್ಟು ರಸೀದಿ ತೆಗೆದುಕೊಳ್ಳಿ, ಮತ್ತು ಲೆಕ್ಕದ ಹಾಳೆಯನ್ನು ಇಡೀ ತಂಡದ ಮುಂದೆ ಓದಿ, ಬಾಕಿ ಸಂಬಳ ಕೊಟ್ಟು ಕಳಿಸಿ.