ಅಮೆರಿಕದ ಯೂಟಾ ಕಡೆ ಕಾರಿನಲ್ಲಿ ಒಬ್ಬರೇ ಹೊರಟಿದ್ದೀರಾ?

ಡೆನ್ವರ್‌ನಿಂದ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋಗುವವರು ಗ್ರೀನ್ ರಿವರ್ ಊರಿನಲ್ಲೇ ಟ್ಯಾಂಕ್ ಫುಲ್ ಮಾಡಿಕೊಳ್ಳಿ. ಅರ್ಧ ಇದೆಯಲ್ಲ ಅಂತ ಬಿಡಬೇಡಿ. ಮುಂದೆ ಸಲೈನಾ ತನಕ, 100 ಮೈಲಿಗೂ ಜಾಸ್ತಿ, ಒಂದು ಬಂಕೂ ಇಲ್ಲ, ಹೋಟೆಲೂ ಇಲ್ಲ. ಸ್ಯಾನ್ ರಫೇಲ್ ಸ್ವೆಲ್‌ನ ಬಂಡೆಗಳ ನಡುವೆ ಏರು ಬೇರೆ, ಪೆಟ್ರೋಲ್ ಬೇಗ ಇಳಿಯುತ್ತದೆ. ನೀರೂ ಜಾಸ್ತಿಯೇ ಇರಲಿ.

ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ರಸ್ತೆ ಪಕ್ಕದ ಹಸಿರು ಮೈಲಿ ಮಾರ್ಕರ್ ಮೇಲೆ ಆಗಾಗ ಕಣ್ಣು ಹಾಯಿಸಿ. ಪಶ್ಚಿಮಕ್ಕೆ ಹೋಗುವಾಗ ಅದರ ನಂಬರ್ ಇಳಿಯುತ್ತಾ ಹೋಗುತ್ತದೆ. ಕಾರು ಕೆಟ್ಟರೆ ತುರ್ತು ಸಹಾಯದ 911ಕ್ಕೆ ಹೇಳಬೇಕಾದದ್ದು ಆ ನಂಬರನ್ನೇ. ಸುಮ್ನೆ ‘ಕೆಂಪು ಬೆಟ್ಟದ ಹತ್ತಿರ’ ಅಂದರೆ ಅಲ್ಲಿರುವುದೆಲ್ಲ ಕೆಂಪು ಬೆಟ್ಟವೇ, ಅಲ್ವಾ?

ತೂಕಡಿಕೆ ಬಂದರೆ ಹಾಡು ಜೋರು ಮಾಡಿ ಪ್ರಯೋಜನವಿಲ್ಲ. ಗೋಸ್ಟ್ ರಾಕ್ ವ್ಯೂ ಏರಿಯಾದಲ್ಲಿ ನಿಲ್ಲಿಸಿ, 20 ನಿಮಿಷ ಮಲಗಿ ಎದ್ದು ಹೊರಡಿ.